ಜ್ಯಾಂಗೋ ಕಲಿಯಲು ಮೂರು ಪುಸ್ತಕ ಮುಂದಿವೆ, ಯಾವುದನ್ನು ಹಿಡಿಯಲಿ?

ಬಿಡಿಹಾಳೆ

ಎಲ್ಲರಿಗೂ ನಮಸ್ಕಾರ. ಪೈಥಾನ್ ಒಂದು ಮಟ್ಟಿಗೆ ಬರುತ್ತದೆ: ಫಂಕ್ಷನ್, ಕ್ಲಾಸ್, ಡಿಕ್ಷನರಿ, ಫೈಲ್ ಓದುವುದು-ಬರೆಯುವುದು. ಎಚ್‌ಟಿಎಂಎಲ್ ಗೊತ್ತು, ಎಸ್‌ಕ್ಯೂಎಲ್‌ನಲ್ಲಿ ಜಾಯಿನ್ ತನಕ ಗೊತ್ತು, ಜಾವಾಸ್ಕ್ರಿಪ್ಟ್ ಅಷ್ಟಕ್ಕಷ್ಟೆ. ಈಗ ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಆದ ಜ್ಯಾಂಗೋ ಕಲಿಯಬೇಕು. ವಿಡಿಯೊ ನೋಡಿ ಕಲಿಯುವುದು ಒಗ್ಗುವುದಿಲ್ಲ, ಪುಸ್ತಕವೇ ಬೇಕು. ದಿನಕ್ಕೆ ಒಂದು ಗಂಟೆ ಕೊಡಬಲ್ಲೆ.

ಮೂರು ಪುಸ್ತಕ ಆರಿಸಿಟ್ಟಿದ್ದೇನೆ. ಹೆಸರು ಹಾಕುತ್ತಿಲ್ಲ, ಹಾಕಿದರೆ ಮಾತೆಲ್ಲ ಲೇಖಕರ ಕಡೆ ತಿರುಗಿಬಿಡುತ್ತದೆ.

ಅ: 340 ಪುಟ. ಮೊದಲಿಂದ ಕೊನೆಯವರೆಗೆ ಒಂದೇ ಪ್ರಾಜೆಕ್ಟ್. ಬರವಣಿಗೆ ತುಂಬ ಚೆನ್ನಾಗಿದೆ, ಪ್ರತಿ ಸಾಲೂ ಏಕೆ ಎಂದು ಹೇಳುತ್ತದೆ. ಆದರೆ ಜ್ಯಾಂಗೋ 2.2ಕ್ಕೆ ಬರೆದದ್ದು.

ಆ: 720 ಪುಟ, 4.2ಕ್ಕೆ ಬರೆದದ್ದು. ಒಂದೊಂದು ಅಧ್ಯಾಯಕ್ಕೆ ಒಂದೊಂದು ವಿಷಯ: ಮಾಡೆಲ್, ಕ್ವೆರಿ, ಫಾರ್ಮ್, ಹೀಗೆ. ಕೂತು ಕಟ್ಟುವಂಥ ಪ್ರಾಜೆಕ್ಟ್ ಇಲ್ಲ.

ಇ: 260 ಪುಟ. ಮುಖಪುಟದ ಮೇಲೆ ದೊಡ್ಡದಾಗಿ 5 ಎಂದಿದೆ. ಐದು ಸಣ್ಣ ಆ್ಯಪ್‌ಗಳನ್ನು ಕಟ್ಟಿಸುತ್ತದೆ.

ಹೊಸದು ಎಂಬ ಕಾರಣಕ್ಕೆ ಇ ಹಿಡಿಯಲೇ? ಅ ಪುಸ್ತಕದ ಬರವಣಿಗೆ ಬಿಡಲು ಮನಸ್ಸಿಲ್ಲ. ಇನ್ನೊಂದು ಮಾತು: ಮೊದಲು ಫ್ಲಾಸ್ಕ್ (ಪೈಥಾನ್‌ನದೇ ಇನ್ನೊಂದು ಚಿಕ್ಕ ಫ್ರೇಮ್‌ವರ್ಕ್) ಕಲಿತು ಆಮೇಲೆ ಜ್ಯಾಂಗೋಗೆ ಬನ್ನಿ ಎನ್ನುವವರೂ ಇದ್ದಾರೆ, ಅದು ಸರಿಯೇ?

ಹಳೇಕೀಲಿ

ಪುಸ್ತಕ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಮುಖಪುಟವಲ್ಲ, ಹಕ್ಕುಸ್ವಾಮ್ಯದ ಪುಟ. ಅಲ್ಲಿ ಎರಡು ಇಸವಿ ಇರಬಹುದು, ಆವೃತ್ತಿಯದ್ದು ಒಂದು, ಮರುಮುದ್ರಣದ್ದು ಇನ್ನೊಂದು. 2019ರ ಆವೃತ್ತಿಯನ್ನು 2023ರಲ್ಲಿ ಮತ್ತೆ ಅಚ್ಚು ಹಾಕಿದರೆ ಒಳಗಿನ ಕೋಡ್ 2019ರದ್ದೇ.

ಜ್ಯಾಂಗೋದ ಲೆಕ್ಕ ಸರಳ. ಸುಮಾರು ಎಂಟು ತಿಂಗಳಿಗೊಂದು ಹೊಸ ವರ್ಷನ್ ಬರುತ್ತದೆ. 2.2ರಿಂದ ಈಚೆಗೆ .2 ಎಂದು ಮುಗಿಯುವುದೆಲ್ಲ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ವರ್ಷನ್), ಅದಕ್ಕೆ ಮೂರು ವರ್ಷ ಸೆಕ್ಯುರಿಟಿ ತಿದ್ದುಪಡಿ ಸಿಗುತ್ತದೆ. 2.2 ಬಂದದ್ದು 2019ರ ಏಪ್ರಿಲ್‌ನಲ್ಲಿ, 3.2 2021ರಲ್ಲಿ, 4.2 2023ರಲ್ಲಿ, 5.2 2025ರಲ್ಲಿ, ಎಲ್ಲವೂ ಏಪ್ರಿಲ್‌ನಲ್ಲೇ. ಈಗ ಕಲಿಯಲು ಕೂರುವವರು 5.2 ಹಾಕಿಕೊಂಡರೆ 2028ರ ಏಪ್ರಿಲ್‌ವರೆಗೆ ಚಿಂತೆಯಿಲ್ಲ.

ಅ ಪುಸ್ತಕವನ್ನು 5.2ರ ಮೇಲೆ ಓದಿದರೆ ಎಲ್ಲೆಲ್ಲಿ ಮುಗ್ಗರಿಸುತ್ತೀರಿ ಎಂದು ಎದುರಾಗುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಏಟು ಸೆಟ್ಟಿಂಗ್ಸ್ ಫೈಲಿನಲ್ಲಿ. ಟೆಂಪ್ಲೇಟ್ ಫೋಲ್ಡರ್ ತೋರಿಸಲು ಪುಸ್ತಕ ಓಎಸ್.ಪಾತ್.ಜಾಯಿನ್ ಬರೆಯಿಸುತ್ತದೆ. 3.1ರಿಂದ ಹೊಸ ಪ್ರಾಜೆಕ್ಟಿನ ಸೆಟ್ಟಿಂಗ್ಸ್‌ನಲ್ಲಿ ಓಎಸ್ ಇಂಪೋರ್ಟ್ ಆಗಿರುವುದಿಲ್ಲ, ಬದಲಿಗೆ ಪಾತ್‌ಲಿಬ್ ಬಂದಿದೆ. ಹಾಗಾಗಿ ‘ಓಎಸ್ ಎಂಬ ಹೆಸರೇ ಇಲ್ಲ’ ಎಂದು ನೇಮ್‌ಎರರ್ ಬಂದು ಸರ್ವರ್ ಏಳುವುದೇ ಇಲ್ಲ. ಬೇಸ್_ಡಿಐಆರ್ ಆದ ಮೇಲೆ ಒಂದು ಓರೆಗೆರೆ, ಆಮೇಲೆ ಕೊಟೇಶನ್ ಒಳಗೆ ಫೋಲ್ಡರ್ ಹೆಸರು ಬರೆದರೆ ಮುಗಿಯಿತು.

ಎರಡನೆಯದು ಯುಆರ್‌ಎಲ್ ಫೈಲ್. ರೆಜೆಕ್ಸ್ (ಅಕ್ಷರಗಳ ಮಾದರಿ ಹೇಳುವ ಸಂಕೇತಭಾಷೆ) ಹಾಕಿ ಬರೆಯುವ ಹಳೆಯ ಯುಆರ್‌ಎಲ್ ಫಂಕ್ಷನ್ 4.0ರಲ್ಲಿ ಹೋಯಿತು. ಇಂಪೋರ್ಟ್‌ಎರರ್ ಬರುತ್ತದೆ. ಅದರ ಜಾಗಕ್ಕೆ 2.0ರಲ್ಲೇ ಬಂದ ಪಾತ್ ಅಥವಾ ಆರ್‌ಇ_ಪಾತ್ ಹಾಕಬೇಕು.

ಮೂರನೆಯದು ಟೆಂಪ್ಲೇಟ್. ತಲೆಯಲ್ಲಿ ‘ಲೋಡ್ ಸ್ಟಾಟಿಕ್‌ಫೈಲ್ಸ್’ ಎಂದಿದ್ದರೆ 3.0ರಿಂದ ನಡೆಯುವುದಿಲ್ಲ, ‘ಲೋಡ್ ಸ್ಟಾಟಿಕ್’ ಎಂದಷ್ಟೇ ಸಾಕು.

ಇವು ಮೂರೂ ಒಳ್ಳೆಯ ಏಟುಗಳು. ಎರರ್ ಸಂದೇಶವೇ ಜಾಗ ತೋರಿಸುತ್ತದೆ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ತಲೆ ಕೆಡಿಸುವುದು ಲಾಗೌಟ್. ಹಳೆಯ ಪುಸ್ತಕಗಳು ಲಾಗೌಟನ್ನು ಒಂದು ಮಾಮೂಲಿ ಲಿಂಕ್ ಆಗಿ ಬರೆಯುತ್ತವೆ. 5.0ರಿಂದ ಲಾಗೌಟ್‌ವ್ಯೂ ಗೆಟ್ ವಿನಂತಿಯನ್ನು ಒಪ್ಪುವುದಿಲ್ಲ, ಪೋಸ್ಟ್ ಮಾತ್ರ. ಲಿಂಕ್ ಒತ್ತಿದರೆ ಬಿಳೀ ಪುಟ, ಟರ್ಮಿನಲ್‌ನಲ್ಲಿ 405 (ಈ ಮೆಥಡ್ ಒಪ್ಪುವುದಿಲ್ಲ ಎಂಬ ಸಂಕೇತ). ಟ್ರೇಸ್‌ಬ್ಯಾಕ್ ಇಲ್ಲ, ಸಾಲಿನ ಸಂಖ್ಯೆ ಇಲ್ಲ. ಕಲಿಯುವವರು ತಮ್ಮ ಯುಆರ್‌ಎಲ್ ತಪ್ಪಿದೆ ಅಂದುಕೊಂಡು ಅದನ್ನೇ ಹತ್ತು ಸಲ ತಿದ್ದುತ್ತಾರೆ. ಮಾಡಬೇಕಾದ್ದಿಷ್ಟೇ: ಲಿಂಕ್ ತೆಗೆದು, ಪೋಸ್ಟ್ ಮೆಥಡ್ ಇರುವ ಒಂದು ಪುಟ್ಟ ಫಾರ್ಮ್, ಅದರೊಳಗೆ ಬೇರೆ ಸೈಟಿನ ನಕಲಿ ವಿನಂತಿ ತಡೆಯುವ ಸಿಎಸ್‌ಆರ್‌ಎಫ್ ಟೋಕನ್, ಒಂದು ಬಟನ್.

ಕೊನೆಯದು ಡಿಪ್ಲಾಯ್ (ಸೈಟನ್ನು ಸರ್ವರ್‌ಗೆ ಏರಿಸುವ) ಅಧ್ಯಾಯದಲ್ಲಿ ಕಾದಿರುತ್ತದೆ. ಸಿಎಸ್‌ಆರ್‌ಎಫ್_ಟ್ರಸ್ಟೆಡ್_ಒರಿಜಿನ್ಸ್ ಪಟ್ಟಿಯಲ್ಲಿ ಹಿಂದೆ ಬರೀ ಡೊಮೇನ್ ಹೆಸರು ಬರೆದರೆ ಸಾಕಿತ್ತು, 4.0ರಿಂದ ಮುಂದೆ ಎಚ್‌ಟಿಟಿಪಿಎಸ್ ಸಮೇತ ಬರೆಯಬೇಕು.

ಮಾಡೆಲ್ (ಟೇಬಲ್‌ನ ರೂಪ ಹೇಳುವ ಕ್ಲಾಸ್), ಮೈಗ್ರೇಷನ್ (ಅದರ ಬದಲಾವಣೆಯನ್ನು ಡೇಟಾಬೇಸ್‌ಗೆ ಇಳಿಸುವುದು), ಕ್ವೆರಿ ಬರೆಯುವ ರೀತಿ, ಟೆಂಪ್ಲೇಟ್‌ನಲ್ಲಿ ಬೇಸ್ ಇಟ್ಟು ಎಕ್ಸ್‌ಟೆಂಡ್ ಮಾಡುವುದು, ಫಾರ್ಮಿನ ಕ್ಲೀನ್ ಮೆಥಡ್, ಅಡ್ಮಿನ್: ಇವುಗಳ ಬಗ್ಗೆ 2.2ರ ಪುಸ್ತಕ ಹೇಳುವ ಮಾತು 5.2ಕ್ಕೂ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ಆದರೆ ಪುಸ್ತಕ 1.x ಕಾಲದ್ದಾಗಿದ್ದರೆ ಅದನ್ನು ಮುಟ್ಟಬೇಡಿ. ಅದರಲ್ಲಿ ಫಾರಿನ್‌ಕೀಗೆ ಆನ್_ಡಿಲೀಟ್ ಕೂಡ ಇರುವುದಿಲ್ಲ, ಪುಟಕ್ಕೊಂದು ತಿದ್ದುಪಡಿ ಬೇಕಾಗುತ್ತದೆ.

ಪುಸ್ತಕದಲ್ಲಿರುವ 2.2ನ್ನೇ ಇನ್‌ಸ್ಟಾಲ್ ಮಾಡಿಕೊಂಡು ಓದುತ್ತೇನೆ ಎನ್ನುತ್ತೀರಾದರೆ ಒಂದು ಎಚ್ಚರಿಕೆ. 2.2 ನಡೆಯುವುದು ಪೈಥಾನ್ 3.9ರವರೆಗೆ ಮಾತ್ರ. 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಮಾಡ್ಯೂಲನ್ನೇ ತೆಗೆದರು, 3.13ರಲ್ಲಿ ಸಿಜಿಐ ಮಾಡ್ಯೂಲ್ ಹೋಯಿತು, ಹಳೆಯ ಜ್ಯಾಂಗೋಗೆ ಎರಡೂ ಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಹಳೇ ಜ್ಯಾಂಗೋಗೆ ಹಳೇ ಪೈಥಾನ್ ಹುಡುಕುವುದರಲ್ಲೇ ನಿಮ್ಮ ಒಂದು ಗಂಟೆ ಕಳೆಯುತ್ತದೆ. 5.2ರ ಮೇಲೆ ಓದಿ, ಮೇಲಿನ ಐದು ಜಾಗ ತಿದ್ದಿಕೊಳ್ಳಿ.

ಸಂಪಿಗೆನೆರಳು

ವರ್ಷನ್ ವಿಷಯದಲ್ಲಿ ಹಳೇಕೀಲಿ ಹೇಳಿದ್ದು ಸರಿ, ಆದರೆ ನಾನಾದರೆ ಅದನ್ನು ಎರಡನೇ ಸ್ಥಾನಕ್ಕೆ ಹಾಕುತ್ತೇನೆ. ಹೊಸ ವರ್ಷನ್‌ಗೆ ಬರೆದ ಕೆಟ್ಟ ಪುಸ್ತಕ ಬೇಕಾದಷ್ಟಿವೆ. ಪುಸ್ತಕದ ಯೋಗ್ಯತೆ ತಿಳಿಯಲು ಪರಿವಿಡಿ ಮತ್ತು ಹಿಂಬದಿಯ ಪದಸೂಚಿ ಸಾಕು. ನಾಲ್ಕು ಕಡೆ ಬೆರಳಿಟ್ಟು ನೋಡಿ.

ಒಂದು, ಕಸ್ಟಮ್ ಯೂಸರ್ ಮಾಡೆಲ್ (ಜ್ಯಾಂಗೋದ ಬದಲು ನಮ್ಮದೇ ಬಳಕೆದಾರರ ಮಾಡೆಲ್) ಯಾವ ಅಧ್ಯಾಯದಲ್ಲಿ ಬರುತ್ತದೆ? ಹೊಸ ಪ್ರಾಜೆಕ್ಟ್ ಶುರು ಮಾಡುವಾಗಲೇ ಅದನ್ನು ಮಾಡಿಕೊಳ್ಳಿ ಎಂದು ಜ್ಯಾಂಗೋ ದಾಖಲೆಯೇ ಹೇಳುತ್ತದೆ. ಕಾರಣ ಹೀಗಿದೆ. ಮೊದಲ ಸಲ ಮೈಗ್ರೇಟ್ ಓಡಿಸಿದ ಕೂಡಲೇ ಅಡ್ಮಿನ್‌ನ ಲಾಗ್ ಟೇಬಲ್ ಯೂಸರ್ ಟೇಬಲ್‌ಗೆ ಫಾರಿನ್‌ಕೀ ಕಟ್ಟಿಕೊಂಡು ಕೂರುತ್ತದೆ. ಅಧ್ಯಾಯ 2ರಲ್ಲಿ ಮೈಗ್ರೇಟ್ ಮಾಡಿಸಿ, ಅಧ್ಯಾಯ 9ರಲ್ಲಿ ‘ಈಗ ನಮ್ಮದೇ ಯೂಸರ್ ಮಾಡೋಣ’ ಎಂದರೆ ಇನ್‌ಕನ್ಸಿಸ್ಟೆಂಟ್ ಮೈಗ್ರೇಷನ್ ಹಿಸ್ಟರಿ ಎಂಬ ಎರರ್ ಬರುತ್ತದೆ: ಅಡ್ಮಿನ್‌ನ ಮೊದಲ ಮೈಗ್ರೇಷನ್, ತಾನು ಅವಲಂಬಿಸಿರುವ, ನಮ್ಮ ಯೂಸರ್ ಇರುವ ಅಕೌಂಟ್ಸ್ ಆ್ಯಪ್‌ನ ಮೊದಲ ಮೈಗ್ರೇಷನ್‌ಗಿಂತ ಮುಂಚೆಯೇ ನಡೆದುಹೋಗಿದೆ ಎಂಬ ದೂರು. ಆಗ ಪುಸ್ತಕ ‘ಡೇಟಾಬೇಸ್ ಫೈಲ್ ಅಳಿಸಿ ಮತ್ತೆ ಶುರು ಮಾಡಿ’ ಎನ್ನುತ್ತದೆ. ಕಲಿಯುವಾಗ ಅಳಿಸಬಹುದು, ನಿಜವಾದ ಡೇಟಾ ಇರುವಾಗ ಅಳಿಸಲಾದೀತೇ? ಒಳ್ಳೆಯ ಲೇಖಕ ಇದನ್ನು ಮೊದಲ ಮೈಗ್ರೇಟ್‌ಗೆ ಮುಂಚೆಯೇ ಮಾಡಿಸುತ್ತಾನೆ, ಒಳಗೆ ಬರೀ ‘ಪಾಸ್’ ಬರೆದ ಖಾಲಿ ಕ್ಲಾಸ್ ಆದರೂ ಸರಿ.

ಎರಡು, ಪದಸೂಚಿಯಲ್ಲಿ ಸೆಲೆಕ್ಟ್_ರಿಲೇಟೆಡ್, ಪ್ರಿಫೆಚ್_ರಿಲೇಟೆಡ್ ಇವೆಯೇ? ನೂರು ಲೇಖನಗಳ ಪಟ್ಟಿ ತೋರಿಸುವ ಟೆಂಪ್ಲೇಟ್ ಪ್ರತಿಯೊಂದರ ಪಕ್ಕ ಲೇಖಕನ ಹೆಸರು ಬರೆಯುತ್ತದೆ ಅಂದುಕೊಳ್ಳಿ. ಪಟ್ಟಿಗೆ ಒಂದು ಕ್ವೆರಿ, ಹೆಸರುಗಳಿಗೆ ನೂರು, ಒಟ್ಟು 101. ವ್ಯೂನಲ್ಲಿ (ವಿನಂತಿಗೆ ಪುಟ ಕೊಡುವ ಕೋಡ್) ಸೆಲೆಕ್ಟ್_ರಿಲೇಟೆಡ್ ಸೇರಿಸಿದರೆ ಜಾಯಿನ್ ಆಗಿ ಒಂದೇ ಕ್ವೆರಿಗೆ ಇಳಿಯುತ್ತದೆ. ನಿಮಗೆ ಎಸ್‌ಕ್ಯೂಎಲ್ ಜಾಯಿನ್ ಗೊತ್ತಿರುವುದರಿಂದ ಇದು ಥಟ್ಟನೆ ಹತ್ತುತ್ತದೆ. ಟ್ಯಾಗ್‌ಗಳಂಥ ಮೆನಿ-ಟು-ಮೆನಿಗೆ ಜಾಯಿನ್ ಹೊಂದುವುದಿಲ್ಲ, ಅಲ್ಲಿ ಪ್ರಿಫೆಚ್ ಎರಡನೇ ಕ್ವೆರಿ ಹಾಕಿ ಪೈಥಾನ್‌ನಲ್ಲಿ ಜೋಡಿಸುತ್ತದೆ. ಈ ಎರಡು ಪದ ಇಲ್ಲದ ಪುಸ್ತಕ ಹತ್ತು ಸಾಲಿನ ಡೇಟಾ ಇಟ್ಟುಕೊಂಡೇ ಬರೆದದ್ದು.

ಮೂರು, ಫಾರ್ಮ್ ಅಧ್ಯಾಯದ ಮೊದಲ ಉದಾಹರಣೆ ಓದಿ. ಸೇವ್ ಆದ ಮೇಲೆ ರಿಡೈರೆಕ್ಟ್ ಮಾಡುತ್ತಿದ್ದಾರೆಯೇ, ಅಥವಾ ‘ಯಶಸ್ವಿಯಾಗಿದೆ’ ಎಂದು ಅಲ್ಲೇ ಪುಟ ರೆಂಡರ್ ಮಾಡುತ್ತಿದ್ದಾರೆಯೇ? ಎರಡನೆಯದಾದರೆ ಓದುಗ ರಿಫ್ರೆಶ್ ಒತ್ತಿದಾಗ ಅದೇ ದಾಖಲೆ ಎರಡು ಸಲ ಬೀಳುತ್ತದೆ. ಈ ಒಂದು ಪುಟ ನೋಡಿಯೇ ಪುಸ್ತಕ ಮುಚ್ಚಿಡಬಹುದು.

ನಾಲ್ಕು, ಡಿಬಗ್ ಆಫ್ ಮಾಡಿದಾಗ ಏನಾಗುತ್ತದೆ ಎಂದು ಹೇಳಿದ್ದಾರೆಯೇ? ಡಿಬಗ್ ಫಾಲ್ಸ್ ಮಾಡಿ ಅಲೌಡ್_ಹೋಸ್ಟ್ಸ್ ಖಾಲಿ ಬಿಟ್ಟರೆ ರನ್‌ಸರ್ವರ್ ಮೇಲೇಳುವುದೇ ಇಲ್ಲ. ಅದನ್ನು ತುಂಬಿದರೆ ಸರ್ವರ್ ಏಳುತ್ತದೆ, ಆದರೆ ಸಿಎಸ್‌ಎಸ್ ಪೂರ್ತಿ ಮಾಯ, ಏಕೆಂದರೆ ಸ್ಟಾಟಿಕ್ ಫೈಲ್‌ಗಳನ್ನು ಜ್ಯಾಂಗೋ ತಾನೇ ಬಡಿಸುವುದು ಡಿಬಗ್ ಇದ್ದಾಗ ಮಾತ್ರ. ಸ್ಟಾಟಿಕ್_ರೂಟ್, ಕಲೆಕ್ಟ್‌ಸ್ಟಾಟಿಕ್, ಸ್ಟಾಟಿಕ್ ಫೈಲ್ ಬಡಿಸುವ ವೈಟ್‌ನಾಯ್ಸ್ ಪ್ಯಾಕೇಜ್ ಅಥವಾ ಮುಂದೆ ಒಂದು ಎಂಜಿನ್‌ಎಕ್ಸ್ ವೆಬ್ ಸರ್ವರ್, ಇಷ್ಟು ಕಥೆ ಇಲ್ಲದೆ ‘ಡಿಪ್ಲಾಯ್’ ಎಂಬ ಅಧ್ಯಾಯ ಇದ್ದರೆ ಅದು ಹೆಸರಿಗಷ್ಟೇ.

ಇನ್ನು ನನ್ನ ಸ್ವಂತ ಪಕ್ಷಪಾತ: ಕ್ಲಾಸ್ ಆಧಾರಿತ ಜೆನೆರಿಕ್ ವ್ಯೂಗಳಿಂದಲೇ ಶುರು ಮಾಡುವ ಪುಸ್ತಕ ಹೊಸಬರಿಗೆ ಬೇಡ. ಮೂರು ಸಾಲಿನ ಲಿಸ್ಟ್‌ವ್ಯೂ ನೋಡಲು ಚಂದ, ಆದರೆ ಕ್ವೆರಿ ಎಲ್ಲಿ ನಡೆಯಿತು, ಟೆಂಪ್ಲೇಟ್‌ಗೆ ‘ಆಬ್ಜೆಕ್ಟ್_ಲಿಸ್ಟ್’ ಎಂಬ ಹೆಸರು ಎಲ್ಲಿಂದ ಬಂತು, ಒಂದೂ ಕಾಣುವುದಿಲ್ಲ. ಅದೇ ಕೆಲಸವನ್ನು ಮೊದಲು ಫಂಕ್ಷನ್ ವ್ಯೂ ಆಗಿ ಬರೆಸಿ ಆಮೇಲೆ ಕ್ಲಾಸ್‌ಗೆ ಇಳಿಸುವ ಪುಸ್ತಕ ಸಿಕ್ಕರೆ ಬಿಡಬೇಡಿ.

ತುಂಡುಪೆನ್ಸಿಲ್

ಫ್ಲಾಸ್ಕ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬೇಡ. ಫ್ಲಾಸ್ಕ್‌ನಲ್ಲಿ ಐದಾರು ಸಾಲಿಗೆ ಪುಟ ಬರುತ್ತದೆ ನಿಜ, ಆಮೇಲೆ ಡೇಟಾಬೇಸ್ ಪದರ, ಮೈಗ್ರೇಷನ್, ಫಾರ್ಮ್, ಲಾಗಿನ್ ಒಂದೊಂದಕ್ಕೂ ಬೇರೆ ಬೇರೆ ಪ್ಯಾಕೇಜ್ ನೀವೇ ಆರಿಸಬೇಕು. ಯಾವುದು ಏಕೆ ಎಂದು ಗೊತ್ತಿರುವವರಿಗೆ ಅದು ಸ್ವಾತಂತ್ರ್ಯ, ಗೊತ್ತಿಲ್ಲದವರಿಗೆ ತಲೆನೋವು. ಜ್ಯಾಂಗೋ ಬೇಕೆಂದಿದ್ದರೆ ನೇರವಾಗಿ ಜ್ಯಾಂಗೋ.

ಇನ್ನೊಂದು ಮಾತು. ಪುಸ್ತಕ ಕೊಳ್ಳುವ ಮೊದಲು ಜ್ಯಾಂಗೋದ ಅಧಿಕೃತ ಟ್ಯುಟೋರಿಯಲ್ ಮುಗಿಸಿ. ಎಂಟು ಭಾಗ, ಒಂದು ಮತದಾನದ ಆ್ಯಪ್. ದಿನಕ್ಕೊಂದು ಭಾಗ ಎಂದರೂ ಎಂಟು ದಿನ. ವರ್ಷನ್ ಬದಲಾದ ಹಾಗೆ ಅದನ್ನೂ ತಿದ್ದುತ್ತಾರೆ, ಆದ್ದರಿಂದ ಹಳೆಯದಾಗುವ ಭಯವಿಲ್ಲ. 5ನೇ ಭಾಗ ಪೂರ್ತಿ ಟೆಸ್ಟ್ ಬರೆಯುವುದರ ಮೇಲೆ. 4ನೇ ಭಾಗದಲ್ಲಿ ಮತ ಹೆಚ್ಚಿಸುವ ಸಾಲನ್ನು ಗಮನಿಸಿ ಓದಿ: ಸಂಖ್ಯೆಯನ್ನು ಪೈಥಾನ್‌ಗೆ ತಂದು ಒಂದು ಕೂಡಿಸುವ ಬದಲು ಎಫ್ ಎಕ್ಸ್‌ಪ್ರೆಷನ್ ಬಳಸಿ ಡೇಟಾಬೇಸ್‌ನಲ್ಲೇ ಕೂಡಿಸುತ್ತಾರೆ, ಒಂದೇ ಕ್ಷಣಕ್ಕೆ ಇಬ್ಬರು ಮತ ಹಾಕಿದರೂ ಒಂದು ಕಳೆದುಹೋಗಬಾರದು ಎಂದು.

ಅದರಲ್ಲಿ ಇಲ್ಲದಿರುವುದನ್ನೂ ತಿಳಿದುಕೊಳ್ಳಿ. ಬಳಕೆದಾರರ ನೋಂದಣಿ-ಲಾಗಿನ್ ಇಲ್ಲ, ಫಾರ್ಮ್ ಕ್ಲಾಸ್ ಇಲ್ಲ (ಮತದ ಫಾರ್ಮನ್ನು ಕೈಯಲ್ಲೇ ಎಚ್‌ಟಿಎಂಎಲ್ ಬರೆದು ಮುಗಿಸುತ್ತಾರೆ), ಡಿಪ್ಲಾಯ್ ಇಲ್ಲ. ನಿಮಗೆ ಪುಸ್ತಕ ಬೇಕಿರುವುದು ಈ ಮೂರಕ್ಕೆ. ಪರಿವಿಡಿ ನೋಡುವಾಗ ಈ ಮೂರಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆ ಎಂದು ಎಣಿಸಿ.

ಬಿಡಿಹಾಳೆ

ಎಲ್ಲರಿಗೂ ಧನ್ಯವಾದ, ನಾಲ್ಕೂ ಕಡೆ ಬೆರಳಿಟ್ಟು ನೋಡಿದೆ.

ಅ: ಕಸ್ಟಮ್ ಯೂಸರ್ 3ನೇ ಅಧ್ಯಾಯದಲ್ಲೇ ಇದೆ, ಮೈಗ್ರೇಟ್‌ಗೆ ಮುಂಚೆ. ರಿಡೈರೆಕ್ಟ್ ಇದೆ. ಸೆಲೆಕ್ಟ್_ರಿಲೇಟೆಡ್ ಇದೆ, ಪ್ರಿಫೆಚ್ ಇಲ್ಲ. ಟೆಸ್ಟ್ ಪ್ರತಿ ಅಧ್ಯಾಯದ ಕೊನೆಗೆ ಇದೆ.
ಆ: ಎಲ್ಲವೂ ಇದೆ, ಸೆಲೆಕ್ಟ್-ಪ್ರಿಫೆಚ್ ಎರಡಕ್ಕೇ 14 ಪುಟ.
ಇ: ಕಸ್ಟಮ್ ಯೂಸರ್ ಇಲ್ಲವೇ ಇಲ್ಲ. ಟೆಸ್ಟ್ ಇಲ್ಲ. ಆದರೆ ಹೊಸದು ಇದೊಂದೇ. ಕೋಡ್ ರೆಪೊ (ಕೋಡ್ ಸಂಗ್ರಹ) ಕೊಟ್ಟಿದ್ದಾರೆ, ಅದರಲ್ಲಿ ಬೇಕಾದ ಪ್ಯಾಕೇಜ್ ಮತ್ತು ವರ್ಷನ್‌ಗಳ ಪಟ್ಟಿಯಾದ ರಿಕ್ವೈರ್‌ಮೆಂಟ್ಸ್ ಫೈಲ್ ಕಾಣಲಿಲ್ಲ. ಹಾಗಿದ್ದರೆ ನಿಜವಾಗಿ ಯಾವ ವರ್ಷನ್‌ನಲ್ಲಿ ಓಡಿಸಿ ನೋಡಿದ್ದಾರೆ ಎಂದು ತಿಳಿಯುವುದು ಹೇಗೆ?

ಕಡತಪಾಲ

ರಿಕ್ವೈರ್‌ಮೆಂಟ್ಸ್ ಇಲ್ಲದಿದ್ದರೂ ಜ್ಯಾಂಗೋ ತನ್ನ ಗುರುತು ಬಿಟ್ಟೇ ಹೋಗಿರುತ್ತದೆ. ರೆಪೊ ತೆರೆದು, ಯಾವುದಾದರೂ ಆ್ಯಪ್‌ನ ಮೈಗ್ರೇಷನ್ಸ್ ಫೋಲ್ಡರ್‌ಗೆ ಹೋಗಿ, 0001 ಎಂದು ಶುರುವಾಗುವ ಫೈಲ್ ತೆರೆಯಿರಿ. ಮೊದಲ ಸಾಲೇ ಕಾಮೆಂಟ್: ಇಂಥ ಜ್ಯಾಂಗೋ ವರ್ಷನ್ ಇದನ್ನು ತಯಾರಿಸಿತು, ಇಂಥ ದಿನ, ಇಂಥ ಗಂಟೆ. ಇದನ್ನು ಮೇಕ್‌ಮೈಗ್ರೇಷನ್ಸ್ ತಾನೇ ಬರೆಯುತ್ತದೆ, ಯಾರೂ ಕೈಯಿಂದ ತಿದ್ದುವ ಗೋಜಿಗೆ ಹೋಗುವುದಿಲ್ಲ. ಸೆಟ್ಟಿಂಗ್ಸ್ ಫೈಲಿನ ತಲೆಯಲ್ಲೂ ಇಂಥದ್ದೇ ಸಾಲಿದೆ, ಯಾವ ವರ್ಷನ್‌ನ ಸ್ಟಾರ್ಟ್‌ಪ್ರಾಜೆಕ್ಟ್ ಅದನ್ನು ಮಾಡಿತು ಎಂದು. ಅದರ ಕೆಳಗೆ ದಾಖಲೆಯ ಕೊಂಡಿಗಳಲ್ಲೂ ವರ್ಷನ್ ಸಂಖ್ಯೆ ಕೂತಿರುತ್ತದೆ.

ಕಾಮೆಂಟ್ ಅಳಿಸಿದ್ದರೆ ಬೇರೆ ಗುರುತುಗಳಿವೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಎಎಸ್‌ಜಿಐ ಫೈಲ್ ಇಲ್ಲವೆಂದರೆ 3.0ಕ್ಕಿಂತ ಹಿಂದಿನದು. ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿ ‘ಇಂಪೋರ್ಟ್ ಓಎಸ್’ ಇದ್ದು ಪಾತ್‌ಲಿಬ್ ಇಲ್ಲದಿದ್ದರೆ 3.1ಕ್ಕಿಂತ ಹಿಂದಿನದು. ಡಿಫಾಲ್ಟ್_ಆಟೊ_ಫೀಲ್ಡ್ ಸಾಲು ಇಲ್ಲದೆ, ಜೊತೆಗೆ ಮೈಗ್ರೇಷನ್‌ನಲ್ಲಿ ಐಡಿ ಬಿಗ್‌ಆಟೊಫೀಲ್ಡ್ ಬದಲು ಬರೀ ಆಟೊಫೀಲ್ಡ್ ಆಗಿದ್ದರೆ 3.2ಕ್ಕಿಂತ ಹಿಂದಿನದು. ಮರದ ಉಂಗುರ ಎಣಿಸಿ ವಯಸ್ಸು ಹೇಳಿದ ಹಾಗೆ.

ಮುಂದಿನ ಪರೀಕ್ಷೆಗೆ ಇಪ್ಪತ್ತು ನಿಮಿಷ ಸಾಕು. ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಅದರಲ್ಲಿ 5.2 ಹಾಕಿ. ವರ್ಷನ್‌ನಲ್ಲಿ ನಕ್ಷತ್ರ ಚಿಹ್ನೆ ಬಳಸುವುದಾದರೆ, ಅಂದರೆ ==5.2.* ಎಂದು, ಇಡೀ ಪದವನ್ನು ಕೊಟೇಶನ್ ಒಳಗೆ ಹಾಕಿ. ಇಲ್ಲದಿದ್ದರೆ ಜೆಡ್‌ಶೆಲ್ (ಟರ್ಮಿನಲ್‌ನ ಒಂದು ಶೆಲ್) ಆ ನಕ್ಷತ್ರವನ್ನು ಫೈಲ್ ಹೆಸರೆಂದು ಹುಡುಕಿ, ಸಿಗಲಿಲ್ಲ ಎಂದು ನಿಂತುಬಿಡುತ್ತದೆ. ಆಮೇಲೆ ರೆಪೊದ ಕೊನೆಯ ಅಧ್ಯಾಯದ ಫೋಲ್ಡರ್‌ಗೆ ಹೋಗಿ ಮ್ಯಾನೇಜ್ ಫೈಲಿನ ಚೆಕ್, ನಂತರ ಮೈಗ್ರೇಟ್ ಓಡಿಸಿ. ಟೆಸ್ಟ್ ಇದ್ದರೆ ಪೈಥಾನ್‌ಗೆ -ಡಬ್ಲ್ಯುಎ ಆಯ್ಕೆ ಕೊಟ್ಟು ಟೆಸ್ಟ್ ಓಡಿಸಿ. ಮುಂದಿನ ವರ್ಷನ್‌ಗಳಲ್ಲಿ ತೆಗೆಯಲಿರುವ ಅಂಶಗಳ ಎಚ್ಚರಿಕೆ ಸಾಮಾನ್ಯವಾಗಿ ಮುಚ್ಚಿರುತ್ತದೆ, ಈ ಆಯ್ಕೆ ಅದನ್ನು ಹೊರಗೆ ತರುತ್ತದೆ.

ರಿಕ್ವೈರ್‌ಮೆಂಟ್ಸ್ ಫೈಲ್ ಇದ್ದರೂ ಕಣ್ಣು ಹಾಯಿಸಿ. ‘ಜ್ಯಾಂಗೋ>=2.0’ ಎಂದು ಮೇಲ್ಮಿತಿ ಇಲ್ಲದೆ ಬರೆದಿದ್ದರೆ ಪಿಪ್ ಈಗಿನ ವರ್ಷನ್ನೇ ಎಳೆದು ತರುತ್ತದೆ, ಕೋಡ್ ಮಾತ್ರ 2.0ಕ್ಕೆ ಬರೆದದ್ದು. ಪೂರ್ತಿ ಬಿಗಿಮಾಡಿದ್ದರೆ ಬೇರೆ ತೊಂದರೆ: ಹಳೆಯ ಪಿಲ್ಲೋಗೆ (ಚಿತ್ರಗಳ ಪ್ಯಾಕೇಜ್) ನಿಮ್ಮ ಹೊಸ ಪೈಥಾನ್‌ಗೆ ಹೊಂದುವ ವೀಲ್, ಅಂದರೆ ಮೊದಲೇ ಕಟ್ಟಿಟ್ಟ ಪ್ರತಿ, ಇರುವುದಿಲ್ಲ, ಪಿಪ್ ಅದನ್ನು ಸೋರ್ಸ್‌ನಿಂದ ಕಟ್ಟಲು ಹೋಗಿ ಜೆಪೆಗ್ ಹೆಡರ್ ಸಿಗಲಿಲ್ಲ ಎಂದು ಮುರಿದುಬೀಳುತ್ತದೆ. ಆಗ ಆ ಒಂದು ಸಾಲಿನ ವರ್ಷನ್ ಮಾತ್ರ ತೆಗೆಯಿರಿ, ಜ್ಯಾಂಗೋದ ಸಾಲು ಮುಟ್ಟಬೇಡಿ.

ಬೇರೆಬೇಲಿ

ಶೀರ್ಷಿಕೆ ಜ್ಯಾಂಗೋ ಆದರೂ ಬೇರೆ ಫ್ರೇಮ್‌ವರ್ಕಿನವರೂ ಇದನ್ನು ಓದುತ್ತಾರೆ, ಅವರಿಗಾಗಿ ಹಳೇ ಪುಸ್ತಕದ ಗುರುತುಗಳನ್ನು ಇಲ್ಲಿ ಹಾಕುತ್ತೇನೆ.

ಲಾರಾವೆಲ್: ರೂಟ್ ಫೈಲಿನಲ್ಲಿ ಕಂಟ್ರೋಲರ್ ಹೆಸರು ಮತ್ತು ಮೆಥಡನ್ನು @ ಹಾಕಿ ಒಂದೇ ಸ್ಟ್ರಿಂಗ್ ಆಗಿ ಬರೆದಿದ್ದರೆ ಅದು 8ಕ್ಕಿಂತ ಹಿಂದಿನದು. ಈಗ ಹಾಗೆ ಬರೆದರೆ ‘ಟಾರ್ಗೆಟ್ ಕ್ಲಾಸ್ ಇಲ್ಲ’ ಎನ್ನುತ್ತದೆ. ಮಿಡಲ್‌ವೇರನ್ನು ಎಚ್‌ಟಿಟಿಪಿ ಕರ್ನಲ್ ಫೈಲಿನಲ್ಲಿ ಸೇರಿಸಿ ಎಂದರೆ 11ಕ್ಕಿಂತ ಹಿಂದಿನದು. 2024ರ ಮಾರ್ಚ್‌ನಲ್ಲಿ ಬಂದ 11ರ ಹೊಸ ಪ್ರಾಜೆಕ್ಟಿನಲ್ಲಿ ಆ ಫೈಲೇ ಇಲ್ಲ, ಅದರ ಕೆಲಸ ಬೂಟ್‌ಸ್ಟ್ರ್ಯಾಪ್ ಫೋಲ್ಡರ್‌ನ ಆ್ಯಪ್ ಫೈಲಿಗೆ ಹೋಗಿದೆ.

ರೈಲ್ಸ್: ವೆಬ್‌ಪ್ಯಾಕರ್ ಇನ್‌ಸ್ಟಾಲ್ ಮಾಡಿಸುತ್ತಿದ್ದರೆ 6ರ ಕಾಲದ್ದು. 7ರಿಂದ ಟರ್ಬೊ ಬಂದು ಒಂದು ಸದ್ದಿಲ್ಲದ ಸಮಸ್ಯೆ ತಂದಿದೆ: ವ್ಯಾಲಿಡೇಷನ್ ಸೋತಾಗ ಫಾರ್ಮನ್ನು ಮತ್ತೆ ರೆಂಡರ್ ಮಾಡುವ ಸಾಲಿನಲ್ಲಿ 422 ಸ್ಟೇಟಸ್ ಕೊಡದಿದ್ದರೆ ಪುಟ ಕದಲುವುದೇ ಇಲ್ಲ, ತಪ್ಪುಗಳೂ ಕಾಣಿಸುವುದಿಲ್ಲ. ಡಿಲೀಟ್ ಲಿಂಕಿಗೂ ಹಳೆಯ ಮೆಥಡ್ ಆಯ್ಕೆ ನಡೆಯದು, ಟರ್ಬೊ ಮೆಥಡ್ ಅಥವಾ ಬಟನ್_ಟು ಬೇಕು.

ರಿಯಾಕ್ಟ್ (ಫ್ರೇಮ್‌ವರ್ಕ್ ಹೌದೋ ಅಲ್ಲವೋ ಎಂಬ ಜಗಳ ಇಲ್ಲಿ ಬೇಡ): ಪುಸ್ತಕದ ತುಂಬ ಕ್ಲಾಸ್ ಕಾಂಪೊನೆಂಟ್ ಇದ್ದರೆ 2019ರ ಫೆಬ್ರವರಿಯಲ್ಲಿ ಹುಕ್ಸ್ ಬರುವ ಮುಂಚಿನ ಯೋಚನೆ. ರಿಯಾಕ್ಟ್‌ಡಾಮ್.ರೆಂಡರ್ ಎಂದಿದ್ದರೆ 19ರಲ್ಲಿ ಓಡುವುದಿಲ್ಲ.

ಆ್ಯಂಗ್ಯುಲರ್: ಹೆಸರಿನಲ್ಲಿ ‘ಜೆಎಸ್’ ಇದ್ದರೆ ಅದು ಬೇರೆಯೇ ಸಾಮಾನು, 2021ರ ಡಿಸೆಂಬರ್‌ಗೆ ಅದರ ಬೆಂಬಲ ನಿಂತಿತು.

ಸ್ಪ್ರಿಂಗ್ ಬೂಟ್: ಎಂಟಿಟಿ ಕ್ಲಾಸಿನ ಮೇಲೆ ಜಾವಾಎಕ್ಸ್ ಪರ್ಸಿಸ್ಟೆನ್ಸ್ ಇಂಪೋರ್ಟ್ ಕಂಡರೆ 3ಕ್ಕಿಂತ ಹಿಂದಿನದು, ಈಗ ಅದು ಜಕಾರ್ತಾ.

ಬಿಡಿಹಾಳೆ

ಕಡತಪಾಲ ಅವರೇ, ಇ ಪುಸ್ತಕದ ರೆಪೊ ನೋಡಿದೆ. ಐದು ಆ್ಯಪ್‌ಗಳಲ್ಲಿ ಮೊದಲ ಮೂರರ ಮೈಗ್ರೇಷನ್ ತಲೆಸಾಲು 2.1 ಎನ್ನುತ್ತದೆ! ಕೊನೆಯ ಎರಡು ಮಾತ್ರ 5.0. ಮೂರನೇ ಆ್ಯಪ್‌ನಲ್ಲಿ ಲಾಗೌಟ್ ಇನ್ನೂ ಲಿಂಕೇ ಆಗಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹಾಗಾಗಿ ಇ ಬಿಟ್ಟೆ. ಅ ಪುಸ್ತಕವನ್ನು 5.2ರ ಮೇಲೆ ಓದುವುದು, ‘ಆ’ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಎಂದುಕೊಂಡಿದ್ದೇನೆ. ಸರಿಯೇ? ಅ ಪುಸ್ತಕದ ರೆಜೆಕ್ಸ್ ಯುಆರ್‌ಎಲ್‌ಗಳನ್ನು ಪಾತ್‌ಗೆ ಬದಲಿಸುವಾಗ ಏನು ಗಮನಿಸಬೇಕು? ಅಲ್ಲದೆ ಅ ಪುಸ್ತಕ ಇ-ಬುಕ್ ರೂಪದಲ್ಲೂ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಲೇ?

ಸಂಪಿಗೆನೆರಳು

ಕೋಡ್ ಇರುವ ಪುಸ್ತಕವಾದರೆ ಅಚ್ಚಾದದ್ದು ಅಥವಾ ಪಿಡಿಎಫ್. ಫಾಂಟ್ ಗಾತ್ರಕ್ಕೆ ತಕ್ಕಂತೆ ಸಾಲು ಮುರಿಯುವ ಇ-ಬುಕ್ ಪೈಥಾನ್‌ಗೆ ಒಗ್ಗುವುದಿಲ್ಲ, ಯಾವುದು ಇಂಡೆಂಟ್, ಯಾವುದು ಮುರಿದ ಸಾಲು ಎಂದೇ ತಿಳಿಯುವುದಿಲ್ಲ. ಪಿಡಿಎಫ್‌ನಿಂದ ಕಾಪಿ ಮಾಡಬೇಡಿ, ಕೈಯಲ್ಲೇ ಟೈಪ್ ಮಾಡಿ. ಕಾಪಿ ಮಾಡಿದರೆ ಕೊಟೇಶನ್ ಚಿಹ್ನೆಗಳು ಬಾಗಿದ ರೂಪದಲ್ಲಿ ಬರಬಹುದು, ಆಗ ಪೈಥಾನ್ ಸಿಂಟ್ಯಾಕ್ಸ್‌ಎರರ್ ಕೊಟ್ಟು ಅಕ್ಷರದ ಯೂನಿಕೋಡ್ ಸಂಖ್ಯೆ ಹೇಳುತ್ತದೆ. 201ಸಿ ಎಂದು ಕಂಡರೆ ಅದೇ ಬಾಗಿದ ಕೊಟೇಶನ್.

‘ಆ’ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಲು ಹೋಗಬೇಡಿ. ಅ ಪುಸ್ತಕದಲ್ಲಿ ಕ್ವೆರಿ ಅಧ್ಯಾಯ ಮುಗಿದ ದಿನ ‘ಆ’ ಪುಸ್ತಕದ 14 ಪುಟ ಓದಿ, ನಿಮ್ಮದೇ ಪ್ರಾಜೆಕ್ಟಿನ ಪಟ್ಟಿ ಪುಟಕ್ಕೆ ಡಿಬಗ್ ಟೂಲ್‌ಬಾರ್ ಹಾಕಿ ಕ್ವೆರಿ ಎಣಿಸಿ.

ಹಳೇಕೀಲಿ

ಆಯ್ಕೆ ಸರಿಯಾಗಿದೆ. ಇನ್ನೆರಡು ಸಣ್ಣ ವ್ಯತ್ಯಾಸ ಕಾಣುತ್ತದೆ, ಗಾಬರಿಯಾಗಬೇಡಿ. ಟೆಂಪ್ಲೇಟ್‌ನಲ್ಲಿ ಫಾರ್ಮನ್ನು ಹಾಗೇ ಬರೆದರೆ ಹಿಂದೆ ಟೇಬಲ್ ಸಾಲುಗಳಾಗಿ ಬರುತ್ತಿತ್ತು, 5.0ರಿಂದ ಡಿವ್ ಆಗಿ ಬರುತ್ತದೆ. ಪುಸ್ತಕ ಹೊರಗೆ ಟೇಬಲ್ ಟ್ಯಾಗ್ ಹಾಕಿಸಿದ್ದರೆ ತೆಗೆಯಿರಿ. 5.2ರ ಶೆಲ್ ನಿಮ್ಮ ಮಾಡೆಲ್‌ಗಳನ್ನು ತಾನೇ ಇಂಪೋರ್ಟ್ ಮಾಡಿಕೊಂಡಿರುತ್ತದೆ, ಪುಸ್ತಕ ಹೇಳಿದ ಇಂಪೋರ್ಟ್ ಸಾಲನ್ನು ಬರೆದರೂ ತೊಂದರೆಯಿಲ್ಲ.

ಯುಆರ್‌ಎಲ್ ಬದಲಿಸುವುದು ಹೀಗೆ. ರೆಜೆಕ್ಸ್‌ನಲ್ಲಿ ‘ಪಿಕೆ (ಪ್ರೈಮರಿ ಕೀ) ಎಂಬ ಹೆಸರಿನ ಗುಂಪು, ಒಳಗೆ ಅಂಕಿಗಳು’ ಎಂದು ಬರೆದ ಇಡೀ ಆವರಣದ ಜಾಗಕ್ಕೆ <ಇಂಟ್:ಪಿಕೆ> ಬರುತ್ತದೆ. ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಇರುವ ಗುಂಪಾದರೆ <ಸ್ಲಗ್:ಸ್ಲಗ್>. ಸಾಲಿನ ಹಿಂದೆ ^ ಮತ್ತು ಕೊನೆಗೆ $ ಎರಡನ್ನೂ ಅಳಿಸಲೇಬೇಕು. ಬಿಟ್ಟರೆ ಪಾತ್ ಅವನ್ನು ಮಾಮೂಲಿ ಅಕ್ಷರ ಎಂದೇ ತಿಳಿಯುತ್ತದೆ, ವಿಳಾಸ ಯಾವತ್ತೂ ಹೊಂದುವುದಿಲ್ಲ, 404 ಬರುತ್ತದೆ. ಅದೃಷ್ಟಕ್ಕೆ ಚೆಕ್ ಓಡಿಸಿದಾಗ 2_0.ಡಬ್ಲ್ಯು001 ಎಂಬ ಎಚ್ಚರಿಕೆ ಇದನ್ನೇ ಹೇಳುತ್ತದೆ. ಇಂಟ್ ಬಂದ ಮೇಲೆ ವ್ಯೂಗೆ ತಲುಪುವ ಪಿಕೆ ನಿಜವಾದ ಪೂರ್ಣಾಂಕ, ರೆಜೆಕ್ಸ್ ಕಾಲದಲ್ಲಿ ಅದು ಸ್ಟ್ರಿಂಗ್ ಆಗಿತ್ತು. ಆದ್ದರಿಂದ ವ್ಯೂ ಒಳಗೆ ಪಿಕೆಯನ್ನು ಕೊಟೇಶನ್ ಹಾಕಿದ ಸಂಖ್ಯೆಯ ಜೊತೆ ಹೋಲಿಸಿದ ಸಾಲು ಇದ್ದರೆ ಎರರ್ ಏನೂ ಕೊಡದೆ ಸದಾ ಫಾಲ್ಸ್ ಆಗುತ್ತದೆ. ಅಂಥ ಸಾಲನ್ನು ಚೆಕ್ ಹಿಡಿಯುವುದಿಲ್ಲ, ನೀವೇ ಹುಡುಕಿ ತಿದ್ದಬೇಕು.